ಅಕ್ಕನ ಕೆಳಗೆ ಹಾಸಿದ ಪೇಪರು

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ನಶ್ಯದ ಚಟ. ನನಗಿರುವುದು ಒರೆಸುವ ಚಟ. ಇದರಿಂದ ಮನೆ ಹಾಳಾಗುವುದಿಲ್ಲ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಶಿಕಾರಿಪುರದಂಥ ಊರಿನಲ್ಲಿ ಇಪ್ಪತ್ತು ವರ್ಷ ಬಟ್ಟೆ ಅಂಗಡಿ ನಡೆಸಿದವನಿಗೆ ಧೂಳೇ ಮೊದಲ ಶತ್ರು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬಿಳಿ ಪಂಚೆಗಳ ಮೇಲೆ ಅದು ಬಂದು ಕೂತಿರುತ್ತದೆ, ನನಗಿಂತ ಮೊದಲೇ ಅಂಗಡಿಗೆ ಬಂದ ಗಿರಾಕಿಯ ಹಾಗೆ. ಅದನ್ನು ಕೊಡವುತ್ತ ಕೊಡವುತ್ತ ನನ್ನ ಬಲಗೈ ಸುಮ್ಮನೆ ಕೂತಾಗಲೂ ಏನನ್ನಾದರೂ ಒರೆಸುತ್ತಿರುತ್ತದೆ. ಮಗಳ ಮದುವೆ ಮಾತುಕತೆಗೆ ಹೋದಾಗ ಬೀಗರ ಮನೆಯ ಟೀವಿಯನ್ನು ಪಂಚೆಯ ಅಂಚಿನಿಂದ ಒರೆಸಿ ಹೆಂಡತಿಯಿಂದ ಬೈಸಿಕೊಂಡವನು ನಾನು.

ಇಂಥವನು ನಲವತ್ತಾರನೇ ವಯಸ್ಸಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡ. ಬಿಳಿಯ ಬಣ್ಣದ ಪುಟ್ಟ ಕಾರು. ಓಡಿಸುವುದಕ್ಕಿಂತ ಅದನ್ನು ಒಳಗಿನಿಂದ ಶುಚಿ ಮಾಡುವುದನ್ನೇ ಮೊದಲು ಕಲಿತೆ. ಮೊದಮೊದಲು ಅರ್ಧ ದಿನ ಹಿಡಿಯುತ್ತಿತ್ತು. ನೆಲ ಒರೆಸಿದ ಮೇಲೆ ಮೇಲಿನ ಧೂಳು ಕೊಡವಿ, ಮತ್ತೆ ನೆಲ ಒರೆಸುವಂಥ ದಡ್ಡತನ ನಡೆಯುತ್ತಿತ್ತು. ಆಮೇಲೆ ಕ್ರಮ ಸಿಕ್ಕಿತು. ಮೊದಲು ಒಳಗಿದ್ದದ್ದೆಲ್ಲ ಹೊರಗೆ. ಕಾಲಡಿಯ ಮ್ಯಾಟುಗಳನ್ನು ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ಬಿಸಿಲಿಗೆ ಹಾಕಬೇಕು. ಅವು ಒಣಗುವಷ್ಟರಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯಬೇಕು. ಗಾಳಿ ಬರುವ ಕಿಂಡಿಗಳಿಗೆ ಹಳೆಯ ಹಲ್ಲುಜ್ಜುವ ಬ್ರಶ್ಶು. ಸೀಟಿನ ಸಂದಿಗೆ ಸೈಕಲ್ ಪಂಪು. ಒಮ್ಮೆ ಜೋರಾಗಿ ಒತ್ತಿದರೆ ಶೇಂಗಾ ಸಿಪ್ಪೆ, ಹೇರ್‌ಪಿನ್ನು, ಹಿಂದಿನ ಮಾಲೀಕರ ಕಾಲದ ಅರ್ಧ ನಿಪ್ಪಟ್ಟು ಎಲ್ಲ ಹೊರಗೆ ಹಾರುತ್ತವೆ. ಸೀಟಿಗೆ ಹಿಂಡಿದ ಬಟ್ಟೆ, ಅದರ ಬೆನ್ನಿಗೇ ಒಣ ಬಟ್ಟೆ. ಕೊನೆಗೆ ಗಾಜು, ಅದಕ್ಕೆ ಹಳೆಯ ಪೇಪರು. ಒಟ್ಟು ಇಪ್ಪತ್ತೆಂಟು ನಿಮಿಷ. ನನ್ನ ಹೆಂಡತಿ ಗಿರಿಜಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತ, “ಅಟ್ಟ ಗುಡಿಸ್ರೀ ಅಂದ್ರ ಸೊಂಟ ನೋವು ಅಂತೀರಿ. ಅದರೊಳಗ ಹೆಂಗ ಮಡಚಿಕೊಂಡು ಕುಂತೀರಿ ನೋಡ್ರಿ,” ಎನ್ನುತ್ತಿದ್ದಳು.

ಗಾಜು ಒರೆಸಲು ತಂದ ಆ ಪೇಪರೇ ನನ್ನನ್ನು ಕೆಡಿಸಿತು.

ನನಗಿಂತ ಹದಿನಾಲ್ಕು ವರ್ಷ ದೊಡ್ಡವಳಾದ ಒಬ್ಬಳೇ ಅಕ್ಕನನ್ನು ಸೊರಬದ ಆಚೆಯ ಒಂದು ಹಳ್ಳಿಗೆ ಕೊಟ್ಟಿದೆ. ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವುದು ನಮ್ಮಲ್ಲಿ ತಪ್ಪದ ಪದ್ಧತಿ. ಅಪ್ಪ ಹೋದ ಮೇಲೆ ಕರೆಯಲು ಹೋಗುವವನು ನಾನೇ. ಇಷ್ಟು ವರ್ಷವೂ ಬಸ್ಸಿನಲ್ಲಿ, ಶಿರಾಳಕೊಪ್ಪದಲ್ಲಿ ಇಳಿದು ಒಂದು ಚಹಾ ಕುಡಿದು, ಅವಳ ಚೀಲ ನನ್ನ ತೊಡೆಯ ಮೇಲೆ, ನನ್ನ ಛತ್ರಿ ಅವಳ ಕೈಯಲ್ಲಿ, ಇಬ್ಬರೂ ಹರಟುತ್ತ ಬರುತ್ತಿದ್ದೆವು. ಆ ವರ್ಷ ಮೊದಲ ಸಲ ಕಾರು. ಹಿಂದಿನ ದಿನ ಇಪ್ಪತ್ತೆಂಟು ನಿಮಿಷ ಸಾಲದೆಂದು ಎರಡು ಗಂಟೆ ಒರೆಸಿದೆ. ಅಕ್ಕನಿಗಾಗಿಯೇ ಒರೆಸಿದೆ. ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನನ್ನ ಪರವಾಗಿ ಹೇಳಿಕೊಳ್ಳಲು ಇರುವುದು ಇದೊಂದೇ.

ಕಾರು ಅವಳ ಅಂಗಳಕ್ಕೆ ಹೋಗಿ ನಿಂತಾಗ ಅಕ್ಕ ನಾಟಿ ಗದ್ದೆಯಲ್ಲಿದ್ದಳು. ಹಾರ್ನ್ ಕೇಳಿ ಓಡಿಯೇ ಬಂದಳು. ಗಡಿಬಿಡಿಯಲ್ಲಿ ಮಿಂದು, ಹೊಸ ಸೀರೆ ಉಟ್ಟು, ಒಂದು ಬಾಳೆಗೊನೆಯನ್ನು ತಬ್ಬಿಕೊಂಡು ಹೊರಬಂದಳು. ಅಕ್ಕಪಕ್ಕದ ಹೆಂಗಸರು ನಾಲ್ಕೈದು ಜನ ಬೇಲಿಯ ಹತ್ತಿರ ಸೇರಿದ್ದರು. ಅಕ್ಕ ಮುಂದಿನ ಸೀಟಿಗೇ ಬಂದಳು. ಕಾಲು ತೊಳೆದಿದ್ದಳು, ನಿಜ. ಆದರೆ ಮೆಟ್ಟಿಲಿನಿಂದ ಕಾರಿಗೆ ಬರುವಷ್ಟರಲ್ಲಿ ಅಂಗಳದ ಕೆಸರು ಪಾದಕ್ಕೆ ಹತ್ತಿತ್ತು. ನನ್ನ ಬಲಗೈ ತಾನಾಗಿಯೇ ಹಿಂದಿನ ಸೀಟಿನಿಂದ ಪೇಪರು ತೆಗೆಯಿತು. ಕಾಲಡಿಗೆ ಎರಡು ಹಾಳೆ ಹಾಸಿದೆ. ಸೀರೆಯ ಅಂಚೂ ಒದ್ದೆಯಾಗಿದೆ ಅನ್ನಿಸಿ ಸೀಟಿನ ಮೇಲೂ ಎರಡು ಹಾಳೆ. “ಗೊನೆ ಬೇಡ ಅಕ್ಕ, ಸೊನೆ ಹತ್ತಿದ್ರೆ ಕಲೆ ಹೋಗಲ್ಲ,” ಎಂದೆ.

ಬೇಲಿಯ ಬಳಿಯಿಂದ ಒಬ್ಬಾಕೆ, “ಎಂತದೇ, ಪೇಪರ್ ಓದ್ಕಂಡು ಹೋಗ್ತೀಯ ತವರಿಗೆ?” ಎಂದು ನಕ್ಕಳು.

ಅಕ್ಕನೂ ನಕ್ಕಳು. “ನಮ್ ತಮ್ಮ ಬಟ್ಟೆ ಅಂಗಡಿಯವ್ನಲ್ವನೇ? ನನ್ನೂ ಪ್ಯಾಕ್ ಮಾಡ್ತಾ ಇದಾನೆ,” ಎಂದಳು. ಗೊನೆಯನ್ನು ಜಗಲಿಯ ಮೇಲೆ ಇಟ್ಟು ಬಂದು, ಸೀಟಿನ ತುದಿಯಲ್ಲಿ ಕೂತಳು.

ದಾರಿಯುದ್ದಕ್ಕೂ ಅವಳ ಮಾತಿಲ್ಲ, ಪೇಪರಿನದ್ದೇ ಮಾತು. ತಿರುವು ಬಂದಾಗಲೆಲ್ಲ ಪರಪರ. ಶಿರಾಳಕೊಪ್ಪದಲ್ಲಿ, “ಯಾಕಕ್ಕಾ ಸುಮ್ನಿದೀಯ? ಚಹಾ ಕುಡಿಯೋಣ್ವಾ?” ಎಂದೆ. “ಬೇಡ ಮಾರಾಯ. ಇಳಿದು ಹತ್ತಿದ್ರೆ ಪೇಪರ್ ಹರಿಯುತ್ತೆ,” ಎಂದಳು. ಎಷ್ಟು ಅರ್ಥ ಮಾಡಿಕೊಳ್ಳುತ್ತಾಳೆ ನಮ್ಮಕ್ಕ ಎಂದು ನನಗೆ ಹೆಮ್ಮೆಯಾಯಿತು. ಮನೆ ಮುಂದೆ ಇಳಿದವಳು ನಾಲ್ಕೂ ಹಾಳೆಗಳನ್ನು ಅಂಚಿಗೆ ಅಂಚು ಸೇರಿಸಿ ಮಡಚಿ ನನ್ನ ಕೈಗೆ ಕೊಟ್ಟಳು. “ತಗೋ ತಮ್ಮ. ಎಂತದೂ ಆಗಿಲ್ಲ, ನೋಡ್ಕೋ.” ಬಟ್ಟೆ ಅಂಗಡಿಯವನಾದ ನಾನೂ ಅಷ್ಟು ಚೆನ್ನಾಗಿ ಮಡಚಲಾರೆ ಎಂದುಕೊಂಡು ಒಳಗೆ ಹೋದೆ.

ನಾನು ಮಾಡಿದ್ದೇನು ಎಂದು ತಿಳಿದದ್ದು ಅಡುಗೆಮನೆಯಲ್ಲಿ, ಆ ಮಡಿಕೆಯನ್ನು ಹೆಮ್ಮೆಯಿಂದ ತೋರಿಸಿದಾಗ. “ಅಕ್ಕಾರ ಕೆಳಗ ಪೇಪರ್ ಹಾಸಿದ್ರಾ? ಮಂದಿ ಮುಂದ?” ಎಂದು ಕೇಳಿದ ಗಿರಿಜಾ ಕೈಯಲ್ಲಿದ್ದ ಉಂಡೆಯನ್ನು ತಟ್ಟೆಗೆ ಹಾಕಿಬಿಟ್ಟಳು. “ಅವರ ಮದುವಿ ಗಾಡ್ಯಾಗ ನೀವೇನು ಮಾಡಿದ್ರಿ, ಅತ್ತಿ ಹೇಳ್ತಿದ್ರಲ್ಲ, ಮರ್ತ್ರಾ?” ಮರೆಯುವುದು ಹೇಗೆ? ಅಕ್ಕನ ಮದುವೆಯಾದಾಗ ನನಗೆ ನಾಲ್ಕು ವರ್ಷ. ನಾನೂ ಜೊತೆಗೆ ಬರುತ್ತೇನೆಂದು ಹಟ ಹಿಡಿದು ಎತ್ತಿನ ಗಾಡಿ ಹತ್ತಿ, ಅವಳ ಮಡಿಲಲ್ಲಿ ಕೂತು, ತಿಂದ ಐದು ಹೋಳಿಗೆಯನ್ನೂ ಅವಳ ಧಾರೆ ಸೀರೆಯ ಮೇಲೆ ಕಕ್ಕಿದ್ದೆನಂತೆ. ಗಂಡನ ಮನೆಯವರು ನನ್ನನ್ನು ಇಳಿಸಲು ಕೈ ಚಾಚಿದರೆ, ಸೆರಗಿನಿಂದ ನನ್ನ ಬಾಯಿ ಒರೆಸಿ, “ಇರ್ಲಿ ಬಿಡಿ, ಮಗು,” ಎಂದಳಂತೆ. ಆ ಸೀರೆಯಲ್ಲೇ ಹೊಸ ಮನೆಯ ಹೊಸ್ತಿಲು ದಾಟಿದಳಂತೆ.

ಹಬ್ಬ ಮುಗಿದ ಮೇಲೆ ಅಕ್ಕ, “ಕಾರು ಎಂತಕ್ಕೆ, ಬಸ್ಸಿಗೆ ಬಿಡು,” ಎಂದಳು. ಕ್ಷಮೆ ಕೇಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಇಲ್ಲ. ಬಸ್ಸಿಗೆ ಬಿಟ್ಟೆ. ಆವತ್ತಿನಿಂದ ನನಗೆ ಒಂದೇ ಆಸೆ: ಅಕ್ಕ ಇನ್ನೊಂದು ಸಲ ನನ್ನ ಕಾರಿನಲ್ಲಿ, ಬೆನ್ನು ಪೂರ್ತಿ ಸೀಟಿಗೆ ಒರಗಿಸಿ, ಕೆಸರುಗಾಲು ಚಾಚಿ ಕೂರಬೇಕು.

ಅದಕ್ಕೆ ನಾನು ಹೂಡಿದ ಉಪಾಯ ಕೇಳಿ. ಮುಂದಿನ ಪಂಚಮಿಗೆ ಹದಿನೈದು ದಿನ ಮೊದಲಿನಿಂದ ಕಾರು ಒರೆಸುವುದನ್ನು ಬಿಟ್ಟೆ. ಬೀಡಿ ಬಿಟ್ಟವರ ಕಷ್ಟ ಆಗ ಅರ್ಥವಾಯಿತು. ಹೊರಡುವ ದಿನ ಶಿರಾಳಕೊಪ್ಪದಲ್ಲಿ ಶೇಂಗಾ ಕೊಂಡು, ತಿಂದು, ಸಿಪ್ಪೆಯನ್ನು ಕಣ್ಣು ಮುಚ್ಚಿಕೊಂಡು ಪಕ್ಕದ ಸೀಟಿನ ಮೇಲೆ ಚೆಲ್ಲಿದೆ. ನನ್ನ ಚಪ್ಪಲಿಯ ಕೆಸರನ್ನು ಮ್ಯಾಟಿಗೆ ಚೆನ್ನಾಗಿ ಉಜ್ಜಿದೆ. ನೋಡು ಅಕ್ಕ, ಈಗ ನನಗೇನೂ ಲೆಕ್ಕವಿಲ್ಲ ಎಂದು ಬಾಯಿ ಬಿಡದೆ ಹೇಳುವ ಯೋಜನೆ.

ಅಕ್ಕ ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿದಳು.

“ಬೀಗರು ಹತ್ತೋದಾದ್ರೆ ಹಿಂಗೇ ತರ್ತಿದ್ಯೇನಾ?” ಎಂದಳು. “ಅಕ್ಕಂಗೆ ಇಷ್ಟು ಸಾಕು, ಅಲ್ದನಾ?”

ಇದು ನಿನಗಾಗಿಯೇ ಮಾಡಿದ ಗಲೀಜು ಎಂದು ಯಾವ ಬಾಯಿಂದ ಹೇಳಲಿ? ಅವಳು ಸೆರಗು ಸಿಕ್ಕಿಸಿ, ಬಕೆಟ್ಟಿನಲ್ಲಿ ನೀರು, ಹಳೆಯ ಬಟ್ಟೆ, ಗುಡಿಸಲು ಒಂದು ಹಿಡಿಕಟ್ಟೆ ತಂದಳು. ಮ್ಯಾಟು ಹೊರಗೆ, ಮೇಲಿನಿಂದ ಕೆಳಕ್ಕೆ, ಹಿಂಡಿದ ಬಟ್ಟೆ, ಒಣ ಬಟ್ಟೆ. ಯಾರೂ ಹೇಳಿಕೊಡದೆ ನನ್ನದೇ ಕ್ರಮ, ಅದೂ ಹದಿನೈದೇ ನಿಮಿಷದಲ್ಲಿ! ಒರೆಸುವ ಚಟ ನನಗೆ ಅಂಗಡಿಯಿಂದ ಬಂದದ್ದಲ್ಲ, ಅವಳ ಸೊಂಟದ ಮೇಲೆ ಕೂತಿದ್ದಾಗ ಬಂದದ್ದು ಎಂದು ಆಗ ಗೊತ್ತಾಯಿತು.

“ಈಗ ಸರಿಯಾಯ್ತು,” ಎಂದಳು. “ನೀ ಹೋಗು ತಮ್ಮ. ನಾ ಬಸ್ಸಿಗೆ ಬರ್ತೀನಿ. ಒರೆಸೋದ್ರಲ್ಲಿ ನನ್ ಕಾಲೆಲ್ಲ ಮತ್ತೆ ರಾಡಿ ಆತು.”

“ಗೊನೆನಾದ್ರೂ ಕೊಡು ಅಕ್ಕ. ಸೀಟಿನ ಮೇಲೇ ಇಡ್ತೀನಿ.”

“ಈ ಸಲ ಮಂಗ ತಿಂತು.”

ಅವಳ ಬಸ್ಸಿನ ಹಿಂದೆಯೇ ಶಿಕಾರಿಪುರದವರೆಗೆ ಕಾರು ಓಡಿಸಿದೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರದೋ ಗೋಣಿಚೀಲಕ್ಕೆ ಬೆನ್ನು ಒರಗಿಸಿ ಅಕ್ಕ ಪಕ್ಕದವಳೊಡನೆ ಕೈ ಆಡಿಸುತ್ತ ಹರಟುತ್ತಿದ್ದದ್ದು ಗಾಜಿನಲ್ಲಿ ಕಾಣುತ್ತಿತ್ತು. ಬಸ್ಸು ಹಾರಿಸಿದ ಕೆಸರೆಲ್ಲ ನನ್ನ ಗಾಜಿಗೆ.

ಈ ವರ್ಷ ಅವಳೇ ಫೋನ್ ಮಾಡಿಸಿದಳು: ಕರೆಯಲು ಬರಬೇಡ, ಬಸ್ ಸ್ಟ್ಯಾಂಡಿಗೆ ಬಂದರೆ ಸಾಕು. ಹೋದೆ, ಕಾರಿನಲ್ಲೇ ಹೋದೆ. ಪೇಪರು ಮನೆಯಲ್ಲೇ ಬಿಟ್ಟಿದ್ದೆ. ಕಾರು ಅತಿ ಶುಚಿಯಾಗಿಯೂ ಇರಲಿಲ್ಲ, ಗಲೀಜಾಗಿಯೂ ಇರಲಿಲ್ಲ. ಅದನ್ನು ಆ ಹದಕ್ಕೆ ತರಲು ಎರಡು ದಿನ ಹಿಡಿದಿತ್ತು. “ಹತ್ತು ಅಕ್ಕ,” ಎಂದೆ. “ಇಲ್ಲೇ ಅಲ್ದನಾ ಮನೆ? ನಡೀತೀನಿ,” ಎಂದು ಅವಳು ಹೊರಟೇಬಿಟ್ಟಳು. ನಾನು ಗಾಜು ಇಳಿಸಿ, ಮೊದಲನೇ ಗೇರಿನಲ್ಲಿ ಅವಳ ಪಕ್ಕಪಕ್ಕಕ್ಕೇ ತೆವಳಿದೆ. ಹಿಂದೆ ಲಾರಿಯವನು ಹಾರ್ನ್ ಹೊಡೆದ. ಕಿರಾಣಿ ಅಂಗಡಿಯವರು ಹೊರಗೆ ಬಂದು, “ಏನ್ ಸಾಹುಕಾರ್ರ, ಕಾರು ಮೆರವಣಿಗೆ ಹೊಂಟೈತಿ?” ಎಂದರು. ಅಕ್ಕ ತಿರುಗಿ ನೋಡಿ ಫಕ್ಕನೆ ನಕ್ಕಳು. ಎರಡು ವರ್ಷದಲ್ಲಿ ನಾನು ಕಂಡ ಮೊದಲ ನಿಜವಾದ ನಗು.

ಅಷ್ಟೇ ಸಾಕಾಯಿತು. ಕಾರನ್ನು ಅಲ್ಲೇ ಬದಿಗೆ ನಿಲ್ಲಿಸಿ, ಇಳಿದು, ಅವಳ ಕೈಯಿಂದ ಚೀಲ ತೆಗೆದುಕೊಂಡೆ. ಇಬ್ಬರೂ ಜೊತೆಯಾಗಿ ನಡೆದೆವು, ಹಿಂದೆ ಬಸ್ಸಿನಿಂದ ಇಳಿದು ನಡೆಯುತ್ತಿದ್ದ ಹಾಗೆಯೇ. “ಗೊನೆ ತಂದಿದೀನಿ ಕಣೋ, ಚೀಲದಲ್ಲಿ ಎರಡು ಚಿಪ್ಪು,” ಎಂದು ಅವಳು ಏನೋ ಹೇಳಲು ಶುರು ಮಾಡಿದಳು. ಹತ್ತು ಹೆಜ್ಜೆ ಹೋಗಿರಬೇಕು. ಆಗ ನೆನಪಾಯಿತು, ಕಾರಿನ ಗಾಜು ಇಳಿಸಿಯೇ ಬಂದಿದ್ದೇನೆ. ಲಾರಿಗಳು ಓಡಾಡುವ ರಸ್ತೆ. ಧೂಳು ನೇರ ಸೀಟಿಗೇ.

“ಒಂದೇ ನಿಮಿಷ ಅಕ್ಕ, ಬಂದೆ,” ಎಂದು ಓಡಿದೆ.

ಗಾಜು ಏರಿಸಿ, ಹೋದದ್ದಕ್ಕೆ ಸೀಟನ್ನೂ ಒಂದು ಸಲ ಒರೆಸಿ ತಿರುಗಿದರೆ, ಅಕ್ಕ ಅಷ್ಟರಲ್ಲಿ ನಮ್ಮ ಬೀದಿಯ ತಿರುವು ದಾಟಿಬಿಟ್ಟಿದ್ದಳು.