ಸಾಹೇಬರು ಇದ್ದದ್ದಕ್ಕೆ ಪುರಾವೆ

ಹನ್ನೊಂದು ವರ್ಷಗಳಿಂದ ತಾವು ಸ್ಪೇನಿನಲ್ಲಿ ಇರಲೇ ಇಲ್ಲವೆಂಬ ಸಂಗತಿ ಡೆಸ್ಮಂಡ್ ಟ್ವೆಡಲ್ ಸಾಹೇಬರಿಗೆ ಟಪಾಲಿನಲ್ಲಿ ತಿಳಿಯಿತು. ಅದೂ ಸ್ಪೇನಿನಲ್ಲೇ, ತಮ್ಮ ಅಂಗಳದ ನಿಂಬೆಗಿಡದ ಕೆಳಗೆ ಕೂತು ಚಹಾ ಹೀರುತ್ತಿದ್ದಾಗ. ಬ್ರಿಟನ್ ಯುರೋಪಿಗೆ ಸೋಡಚೀಟಿ ಕೊಡುವ ಮುಂಚೆ ಇಲ್ಲಿ ನೆಲೆಸಿದ್ದವರಿಗಷ್ಟೇ ವಾಸದ ಕಾರ್ಡು. ಸಾಹೇಬರು ನೆಲೆಸಿದ್ದಕ್ಕೆ ಪುರಾವೆಯಿಲ್ಲ. ಹತ್ತು ದಿನದಲ್ಲಿ ತನ್ನಿ, ಇಲ್ಲವೇ ಗಂಟುಮೂಟೆ ಕಟ್ಟಿ.

"ನಾನಿಲ್ಲಿ ಇಲ್ವಂತೆ! ಹಾಗಾದ್ರೆ ಈ ಚಹಾ ಕುಡೀತಿರೋದು ಯಾರು?"

"ಯಾರೋ ಗೊತ್ತಿಲ್ಲ. ಮಾಡಿಕೊಟ್ಟೋಳು ನಾನು, ನನ್ನ ಹತ್ರ ಕಾರ್ಡಿದೆ," ಎಂದಳು ಹೆಂಡತಿ ಮೊರೀನ್.

ಮನೆ, ನೀರು, ಕರೆಂಟು, ಬ್ಯಾಂಕು ಎಲ್ಲವೂ ಮೊರೀನಳ ಹೆಸರಿನಲ್ಲಿದ್ದವು. ಕಾಗದಪತ್ರ ಹೆಂಡತಿಯ ಖಾತೆ, ಅಸಮಾಧಾನ ಗಂಡನ ಖಾತೆ ಎಂದು ಮದುವೆಯಾದ ವರ್ಷವೇ ಸಾಹೇಬರು ಸಚಿವ ಸಂಪುಟ ರಚಿಸಿಬಿಟ್ಟಿದ್ದರು. ಈಗ ಕಾರ್ಡು ಸಿಗದಿದ್ದರೆ ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ ನಾದಿನಿ ಗ್ಲೆಂಡಾಳ ಗ್ಯಾರೇಜಿನ ಮೇಲಿನ ಕೋಣೆಯೇ ಗತಿ. ಊಟಕ್ಕೆ ಅವಳದೇ ಎಲೆಕೋಸಿನ ಸಾರು. (ಆ ಸಾರನ್ನು ಒಮ್ಮೆ ಉಂಡ ಮೇಲೇ ಸಾಹೇಬರು ದೇಶ ಬಿಟ್ಟದ್ದು.) ಸಾಹೇಬರಿಗೆ ನಿಜವಾಗಿ ಹೆದರಿಕೆಯಾಯಿತು.

"ಪುರಸಭೆಗೆ ಮೂಗರ್ಜಿ ಬರೀತಿದ್ಯಲ್ಲ, ಅವಕ್ಕೆಲ್ಲ ತಾರೀಖು, ಮೊಹರು ಬಿದ್ದಿರುತ್ತೆ. ಹೋಗಿ ನಂದೇ ಅಂತ ಒಪ್ಕೋ," ಎಂದಳು ಮೊರೀನ್.

"ನಿನಗೆ ಹೇಗೆ ಗೊತ್ತು?"

"ನನ್ನ ಗುಲಾಬಿ ಬಣ್ಣದ ಕಾಗದ ಖಾಲಿ ಮಾಡಿದ್ದು ಯಾರು ಮತ್ತೆ?"

"ಪಕ್ಕದ್ಮನೆ ಎನ್‌ಕಾರ್ನಾಳ ಹುಂಜದ ಮೇಲೇ ಒಂಬತ್ತು ಬರೆದಿದ್ದೀನಿ ಕಣೇ! ಪುರಸಭೆ ಕೌಂಟರಿನಲ್ಲಿ ಕೂರೋಳೇ ಅವಳು!"

"ಹಾಗಾದ್ರೆ ಗ್ಲೆಂಡಾಗೆ ಫೋನ್ ಮಾಡ್ಲಾ?"

ಮರುದಿನ ಬೆಳಿಗ್ಗೆಯೇ ಸಾಹೇಬರು ಟೈ ಕಟ್ಟಿಕೊಂಡು ಪುರಸಭೆಗೆ ಹೋದರು. ಮೊರೀನ್ ಕಾವಲಿಗೆ ಹೋದಳು. ಅಲ್ಲಿ ಅರ್ಧ ಊರೇ ನೆರೆದಿತ್ತು. ಸಾಹೇಬರು ಬಾಯಿ ತೆರೆಯುವ ಮುನ್ನವೇ ಎನ್‌ಕಾರ್ನಾ ಕಪಾಟಿನಿಂದ ಒಂದು ದಪ್ಪ ಕಡತ ತಂದು ಧೊಪ್ಪೆಂದು ಹಾಕಿದಳು. ಮೇಲೆ ಕೆಂಪು ಶಾಯಿಯಲ್ಲಿ 'ಡೆಸ್ಮಂಡ್' ಎಂದಿತ್ತು.

"ಆದರೆ ನಾನು... ಹೆಸರೇ ಹಾಕಿರಲಿಲ್ಲವಲ್ಲ!"

"ಅಯ್ಯೋ ಸ್ವಾಮಿ, ಈ ಊರಲ್ಲಿ ಜಗಳ ಅಂದ್ರೆ ಕಿಟಕಿ ತೆಗೆದು ಕೂಗ್ತೀವಿ. 'ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ, ತಮ್ಮ ಹುಂಜವನ್ನು ದಯವಿಟ್ಟು ಕೊಲ್ಲುವಿರಾ, ಅನಂತ ವಂದನೆಗಳು' ಅಂತ ಇನ್ಯಾರು ಬರೀತಾರೆ?"

ಅರ್ಧ ಊರು ಗೊಳ್ಳೆಂದು ನಕ್ಕಿತು. ಸಾಹೇಬರ ಮುಖ ಟೊಮೇಟೊ ಆಯಿತು.

"ಆದ್ರೆ ಮೂಗರ್ಜಿ ಪುರಾವೆಗೆ ಬರಲ್ಲ. ಸಹಿ ಇರಬೇಕು," ಎಂದು ಎನ್‌ಕಾರ್ನಾ ಹಾಳೆ ಮಗುಚತೊಡಗಿದಳು. "ಇಲ್ಲ... ಇಲ್ಲ... ಹಾಂ! ಒಂದಕ್ಕಿದೆ. ಬ್ರಿಟನ್ ಯುರೋಪು ಬಿಡೋದಕ್ಕೆ ಎರಡು ವರ್ಷ ಮುಂಚಿನದು!"

ಸಾಹೇಬರಿಗೆ ಥಟ್ಟನೆ ನೆನಪಾಯಿತು.

"ಅದು ಬೇಡ! ಅದೊಂದು ಬೇಡ! ನಾನು ಹಲ್ ಪಟ್ಟಣಕ್ಕೇ ಹೋಗ್ತೀನಿ!"

"ಓದಮ್ಮ," ಎಂದಳು ಮೊರೀನ್.

ಎನ್‌ಕಾರ್ನಾ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು: "ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ. ಪುರಸಭೆಯ ಮಂಗಳವಾರದ ಮಹಿಳಾ ಗಾಯನ ಮೇಳದಲ್ಲಿ ಒಂದು ದನಿ, ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಂತಿದೆ. ಆಕೆಯನ್ನು ಹಾಡದ ಯಾವುದಾದರೂ ಕೆಲಸಕ್ಕೆ ಹಾಕಿದರೆ ಮಹೋಪಕಾರ. ನಾನೇ ಹೇಳೋಣವೆಂದರೆ ಧೈರ್ಯವಿಲ್ಲ, ದಿನವೂ ಆಕೆಯ ಕೈಯಡುಗೆ ಉಣ್ಣಬೇಕು. ಇಂತಿ ಆಕೆಯ ಪತಿ, ಡೆಸ್ಮಂಡ್ ಟ್ವೆಡಲ್."

ಸಾಲಿನಲ್ಲಿದ್ದ ಒಬ್ಬ ಮುದುಕ ಮುಂದೆ ಬಂದು, ತುಂಬುಗಣ್ಣಿನಿಂದ ಸಾಹೇಬರ ಕೈ ಕುಲುಕಿ ಹೋದ.

"ಅದಕ್ಕೇನಾ, ಆ ವರ್ಷದಿಂದ ಮೇಳದಲ್ಲಿ ನನ್ನ ಕೈಲಿ ಬರೀ ಕುರ್ಚಿ ಹಾಕಿಸ್ತಿರೋದು?" ಎಂದಳು ಮೊರೀನ್ ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದ್ದನ್ನು ಸಾಹೇಬರು ಅದುವರೆಗೆ ಕೇಳಿರಲಿಲ್ಲ.

"ಭದ್ರವಾದ ಪುರಾವೆ! ಹೆಸರು, ಸಹಿ, ತಾರೀಖು ಎಲ್ಲಾ ಇದೆ," ಎನ್ನುತ್ತಾ ಎನ್‌ಕಾರ್ನಾ ಪ್ರಮಾಣಪತ್ರಕ್ಕೆ ಮೊಹರು ಬಡಿದಳು. "ಇನ್ನು ಕಾರ್ಡು ಸಿಕ್ಕ ಹಾಗೇ."

ಮೊರೀನ್ ಕೈಚೀಲ ಹೆಗಲಿಗೇರಿಸಿದಳು.

"ಒಂದು ಮಾತು ಕೇಳ್ಲಾ? ಆ ಕಾರ್ಡಿದ್ರೆ ಇವನು ಸ್ಪೇನಲ್ಲಿ ಎಲ್ಲಿ ಬೇಕಾದ್ರೂ ಇರಬಹುದಾ?"

"ಎಲ್ಲಿ ಬೇಕಾದ್ರೂ ಇರಬಹುದಮ್ಮ."

"ಒಳ್ಳೇದಾಯ್ತು. ಕೇಳಿಸ್ತಾ ಡೆಸ್ಮಂಡ್? ನಮ್ಮನೆ ಒಂದು ಬಿಟ್ಟು."