ಎಂಟನೇ ಚುಕ್ಕಿ

ಸೊಲ್ಲಾಪುರದಲ್ಲಿ ಕಣ್ಣಿದ್ದವರು ಬಹಳ ಮಂದಿ ಇದ್ದಾರೆ. ಆದರೆ ಟಾವೆಲ್ ನೋಡುವ ಕಣ್ಣು ಇರುವುದು ನನಗೊಬ್ಬನಿಗೇ. ಇದನ್ನು ಜಂಬದಿಂದ ಹೇಳುತ್ತಿಲ್ಲ. ಇಪ್ಪತ್ತೆರಡು ವರ್ಷದಿಂದ ಹೇಳಿಕೊಂಡೇ ಬಂದಿದ್ದೇನೆ, ಹೀಗಾಗಿ ರೂಢಿಯಾಗಿದೆ.

ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರ್ಖಾನೆ ಬಡಾವಣೆಯಲ್ಲಿ ನನ್ನ ಹತ್ತು ಮಗ್ಗ ನಡೆಯುತ್ತವೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಐದನೆಯದರಲ್ಲಿ ಮಾಸ್ತರರಿಗೂ ನನಗೂ ಮಾತು ಬೆಳೆದು, ಇಬ್ಬರಲ್ಲಿ ಒಬ್ಬರು ಸಾಲಿ ಬಿಡಬೇಕಾಯಿತು. (ಮಾಸ್ತರರು ಬಿಡಲಿಲ್ಲ.) ಆದರೆ ಚೆಕಿಂಗ್ ಟೇಬಲ್ಲಿನ ಮುಂದೆ ಭಿಂಗ, ಅಂದರೆ ಭೂತಗನ್ನಡಿ, ಹಿಡಿದು ಕೂತೆನೆಂದರೆ, ಹೊಕ್ಕಿನ ಒಂದೇ ಒಂದು ಅಡ್ಡನೂಲು ತಪ್ಪಿದ್ದರೂ ಆ ಟಾವೆಲ್ ಸೆಕೆಂಡ್ ಮಾಲಿನ ಗುಡ್ಡೆಗೆ ಹೋಗಿ ಬೀಳುತ್ತದೆ. ನೇಯ್ದವನು ಎಷ್ಟು ಕೈಮುಗಿದರೂ ಅಷ್ಟೇ. ಹೋದ ವರ್ಷ ಇದೇ ಕಾರಣಕ್ಕೆ ನಾಲ್ಕು ಮಂದಿ ನೇಕಾರರು ಕೆಲಸ ಬಿಟ್ಟು ಬೇರೆ ಶೆಡ್ಡಿಗೆ ಹೋದರು. ಉಳಿದವರಲ್ಲಿ ಹಳಬನೆಂದರೆ ಬಸಣ್ಣ. ಅವನೂ ಒಂದು ಕಾಲು ಬಾಗಿಲ ಹೊರಗಿಟ್ಟುಕೊಂಡೇ ನೇಯುತ್ತಿದ್ದ.

‘ಹಿಂಗಾದ್ರ ಕಡೀಕ ನೀವೊಬ್ರ ಹತ್ತೂ ಮಗ್ಗ ಓಡಸಬೇಕ ನೋಡ್ರಿ’ ಎಂದು ನನ್ನ ಹೆಂಡತಿ ರತ್ನಾಬಾಯಿ ಹೇಳುತ್ತಲೇ ಇದ್ದಳು. ಅವಳು ಅಕ್ಕಲಕೋಟದ ಹೊಲ-ಮನೆಯವರ ಮಗಳು. ನೂಲಿನ ವ್ಯವಹಾರ ಅವಳಿಗೇನು ತಿಳಿಯಬೇಕು ಎಂದು ನಾನು ಸುಮ್ಮನಿದ್ದೆ. (ಸುಮ್ಮನಿದ್ದೆ ಎಂದರೆ, ನೆರೆಮನೆಯವರಿಗೆ ಮಾತ್ರ ಕೇಳಿಸುವಷ್ಟು ಕೂಗಾಡಿದೆ.)

ತೊಂಬತ್ತೊಂಬತ್ತರ ದೀಪಾವಳಿಯ ಹೊತ್ತಿಗೆ ನಮ್ಮ ಮನೆಗೆ ಚಪ್ಪಟೆ ಮಾನಿಟರ್ ಬಂತು. ಮಗಳು ಮಂಜರಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಟಾವೆಲ್ಲಿನ ಅಂಚಿನ ಡಿಸೈನ್ ತೆಗೆಯುವುದನ್ನು ಕಲಿತಿದ್ದಳು. ಹಳೆಯ ಡಬ್ಬಾ ಮಾನಿಟರು ಎಮ್ಮೆಯ ಹಾಗೆ ಅರ್ಧ ಟೇಬಲ್ ಹಿಡಿದು ಕೂತಿತ್ತು. ನವೀ ಪೇಠದಲ್ಲಿ ತುಷಾರ ಎಂಬ ಹುಡುಗ ಅಂಗಡಿ ಇಟ್ಟಿದ್ದಾನೆ. ಅವನ ಹತ್ತಿರ ಈ ಹೊಸ ನಮೂನೆಯದನ್ನು ನೋಡಿದೆ. ಗೋಡೆಗೆ ತೂಗುಹಾಕಿದ ಫೋಟೋದಷ್ಟೇ ದಪ್ಪ. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಇಲ್ಲ ಎಂದು ತಿಳಿದ ಕೂಡಲೇ ಅದು ನಮಗೆ ಅತ್ಯಗತ್ಯವೆಂದು ನನಗೆ ಹೊಳೆಯಿತು.

ಬಂದ ದಿನ ರತ್ನಾಬಾಯಿ ಅದಕ್ಕೆ ಕುಂಕುಮ ಹಚ್ಚಿ ಆರತಿ ಬೆಳಗಿದಳು. ಮರುದಿನ ನೋಡುತ್ತೇನೆ, ಪರದೆಯ ಬಲಗಡೆ ಮೂಲೆಯಲ್ಲಿ ಒಂದು ಕೆಂಪು ಚುಕ್ಕಿ. ಕುಂಕುಮ ಉದುರಿದೆ ಎಂದುಕೊಂಡು ಬೆರಳಿನಿಂದ ಒರೆಸಿದೆ. ಹೋಗಲಿಲ್ಲ. ಉಗುರಿನಿಂದ ಕೆರೆದೆ. ಹೋಗಲಿಲ್ಲ. ಎಲ್ಲಿ ಬೇಕೆಂದರಲ್ಲಿ ಕುಂಕುಮ ಚೆಲ್ಲುತ್ತೀಯಲ್ಲ ಎಂದು ಅವಳನ್ನು ತರಾಟೆಗೆ ತೆಗೆದುಕೊಂಡೆ. ಮಂಜರಿ ಬಂದು ಕಂಪ್ಯೂಟರ್ ಬಂದ್ ಮಾಡಿದಳು. ಕುಂಕುಮ ಮಾಯವಾಯಿತು. ಚಾಲೂ ಮಾಡಿದಳು. ಮತ್ತೆ ಬಂತು.

‘ಅಪ್ಪಾ, ಈ ಪರದೀನೂ ನಮ್ಮ ಗ್ರಾಫ್ ಪೇಪರ್ ಇದ್ಧಂಗ. ಲಕ್ಷಗಟ್ಲೆ ಚೌಕಾನಿ ಇರ್ತಾವ. ಅದರಾಗ ಒಂದ ಸತ್ತದ, ಅಷ್ಟ.’

ನನಗೆ ಚಕ್ಕನೆ ತಿಳಿಯಿತು. ನೂಲು ತಪ್ಪಿದೆ. ಅಂದರೆ ಇದು ಸೆಕೆಂಡ್ ಮಾಲು. ನನಗೆ, ಅಣ್ಣಾರಾಯನಿಗೆ, ಸೆಕೆಂಡ್ ಮಾಲು ಕೊಟ್ಟಿದ್ದಾನೆ. ಭಿಂಗ ಹಿಡಿದು ಪರದೆಯನ್ನು ಮೂಲೆಯಿಂದ ಮೂಲೆಗೆ ಶೋಧಿಸಿದೆ. ಕೆಂಪು ಎರಡು, ಹಸಿರು ಎರಡು, ಕಪ್ಪು ಒಂದು. ಒಟ್ಟು ಐದು ಸಿಕ್ಕವು.

ಫೋನ್ ಮಾಡಿ ತುಷಾರನಿಗೆ ಆಗಬೇಕಾದ ಪೂಜೆಯನ್ನೆಲ್ಲ ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡು ತಣ್ಣಗೆ, ‘ಕಾಕಾ, ಆಠ ಪಾಹಿಜೇತ’ ಎಂದ. ಎಂಟು ಬೇಕಂತೆ. ಕಂಪನಿಯ ಕಾಯ್ದೆ. ಒಂದು ತಿಂಗಳೊಳಗೆ ಎಂಟು ಚುಕ್ಕಿ ಆದರೆ ಹೊಸದು ಕೊಡುತ್ತಾರಂತೆ. ಏಳರ ತನಕ ಅದು ಒಳ್ಳೆಯ ಮಾಲೇ ಅಂತೆ.

ಫೋನ್ ಇಟ್ಟ ಮೇಲೆ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಐದು ತಪ್ಪಿನ ಮಾಲನ್ನು ನಾನು ಮನೆಯಲ್ಲಿಟ್ಟುಕೊಂಡು ಬಾಳುವೆ ಮಾಡುತ್ತಿದ್ದೇನೆಂಬ ಸುದ್ದಿ ಶೆಡ್ಡಿಗೆ ಮುಟ್ಟಿದರೆ, ಚೆಕಿಂಗ್ ಟೇಬಲ್ಲಿನ ಮುಂದೆ ನಾನು ಯಾವ ಮುಖದಿಂದ ಕೂಡಬೇಕು? ತಾಯಿ-ಮಗಳಿಬ್ಬರಿಗೂ ಬಾಯಿ ಬಿಡಬೇಡಿ ಎಂದು ತಾಕೀತು ಮಾಡಿದೆ. ಇನ್ನು ಉಳಿದದ್ದು ಒಂದೇ ದಾರಿ. ತಿಂಗಳೊಳಗೆ ಎಂಟಾಗಬೇಕು.

ಹೀಗಾಗಿ ಜನ್ಮವೆಲ್ಲ ತಪ್ಪು ಹಿಡಿದು ಬೈದ ನಾನು, ದಿನಾ ಮುಂಜಾನೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇನ್ನೂ ಮೂರು ತಪ್ಪು ಕೊಡು ತಂದೆ ಎಂದು ಬೇಡಿಕೊಳ್ಳತೊಡಗಿದೆ. ಹನ್ನೊಂದನೆಯ ದಿನ ಆರನೆಯದು ಹುಟ್ಟಿತು, ಹದಿನೇಳಕ್ಕೆ ಏಳನೆಯದು. ಆಮೇಲೆ ಬರಗಾಲ. ಚಹಾ ಕುಡಿಯುವುದಕ್ಕಿಂತ ಮೊದಲು ಒಮ್ಮೆ, ಉಂಡಮೇಲೆ ಒಮ್ಮೆ ಎಣಿಸುತ್ತಿದ್ದೆ. ನಮ್ಮ ಮಂಜರಿ ಹುಟ್ಟುವಾಗಲೂ ನೀವು ಇಷ್ಟು ಸಲ ಬಂದು ಕೇಳಿರಲಿಲ್ಲ ಎಂದು ರತ್ನಾಬಾಯಿ ರೊಟ್ಟಿ ಬಡಿಯುತ್ತ ಗೋಡೆಗೆ ಹೇಳಿದಳು.

ಇಪ್ಪತ್ತೇಳನೆಯ ದಿನ ಕೆಳಗಿನ ಅಂಚಿನಲ್ಲಿ, ಯಾರಿಗೂ ಕಾಣದಂಥ ಜಾಗದಲ್ಲಿ, ಎಂಟನೇ ಚುಕ್ಕಿ ಅವತರಿಸಿತು. ಹಸಿರು. ನಾನು ಮನೆಮಂದಿಗೆಲ್ಲ ಜಿಲೇಬಿ ತರಿಸಿದೆ.

ಮಾನಿಟರಿನ ಡಬ್ಬಿ ಹೊತ್ತು ಅಂಗಡಿಗೆ ಒಯ್ಯಲು ನನ್ನ ಸೊಂಟ ಒಪ್ಪಲಿಲ್ಲ. ಶೆಡ್ಡಿನಿಂದ ಬಸಣ್ಣನನ್ನು ಕರೆಸಿದೆ. ಟೀವಿ ರಿಪೇರಿಗೆ ಹೊರಟಿದೆ ಎಂದಷ್ಟೇ ಅವನಿಗೆ ಹೇಳಿದೆ. ನಾನು ಅಂಗಿ ಹಾಕಿಕೊಂಡು ಬರುವಷ್ಟರಲ್ಲಿ ರತ್ನಾಬಾಯಿ ನಮ್ಮದೇ ಕಾರ್ಖಾನೆಯ ಟಾವೆಲನ್ನು ಹಸಿ ಮಾಡಿ ಹಿಂಡಿ, ಮಾನಿಟರಿನ ಮುಖವನ್ನು ಗಸಗಸ ತಿಕ್ಕಿ ಒರೆಸುತ್ತಿದ್ದಳು. ಅಕ್ಕಲಕೋಟದವರ ಪದ್ಧತಿ ಅದು. ಒಬ್ಬರ ಮನೆಯ ಪಾತ್ರೆ ಹಿಂದಕ್ಕೆ ಕಳಿಸುವಾಗ ಬೆಳಗಿ ಕಳಿಸಬೇಕು, ಬರಿದೂ ಕಳಿಸಬಾರದು. ಒಂದು ಪುಡಿಕೆ ಸಕ್ಕರೆಯನ್ನೂ ಡಬ್ಬಿಯಲ್ಲಿಟ್ಟಳು.

ಅಂಗಡಿಯಲ್ಲಿ ತುಷಾರ ಮಾನಿಟರನ್ನು ಜೋಡಿಸಿ ಚಾಲೂ ಮಾಡಿದ. ಎಣಿಸಿದ. ಮತ್ತೆ ಎಣಿಸಿದ. ಆರು ಎಂದ.

ನಾನು ಭಿಂಗ ತೆಗೆದೆ. ಆರೇ ಇದ್ದವು.

ಎಲ್ಲಿ ಹೋದವು ಉಳಿದೆರಡು ಎಂದು ನಾನು ಅವನ ಕೊರಳಪಟ್ಟಿಯ ತನಕ ಹೋದೆ. ಇವುಗಳಲ್ಲಿ ಕೆಲವು ಸತ್ತಿರುವುದಿಲ್ಲ ಕಾಕಾ, ಸಿಕ್ಕಿಕೊಂಡಿರುತ್ತವೆ; ಯಾರಾದರೂ ಹಸಿ ಬಟ್ಟೆಯಿಂದ ಚೆನ್ನಾಗಿ ತಿಕ್ಕಿದರೆ ಒಮ್ಮೊಮ್ಮೆ ಸರಿಹೋಗುತ್ತವೆ, ಮನೆಯಲ್ಲಿ ಯಾರಾದರೂ ತಿಕ್ಕಿದ್ದರೇನು ಎಂದು ಅವನು ಮರಾಠಿಯಲ್ಲಿ ಬಲು ಮರ್ಯಾದೆಯಿಂದ ಕೇಳಿದ. ನಾನು ಡಬ್ಬಿಯಲ್ಲಿದ್ದ ಸಕ್ಕರೆ ಪುಡಿಕೆಯನ್ನು ನೋಡಿದೆ. ಆಮೇಲೆ ಏನು ಕೂಗಿದೆನೋ ನನಗೆ ಪೂರ್ತಿ ನೆನಪಿಲ್ಲ. ಆದರೆ ‘ಏಳು ತಪ್ಪು ಇದ್ದರ ಛಲೋ ಮಾಲಂತ, ಏಳು ತಪ್ಪು!’ ಎಂದು ಮೂರು ಸಲ ಕೂಗಿದ್ದು ನೆನಪಿದೆ. ಯಾಕೆಂದರೆ ಮೂರನೆಯ ಸಲಕ್ಕೆ ಬಾಗಿಲಲ್ಲಿ ನಿಂತಿದ್ದ ಬಸಣ್ಣ ಬೀಡಿ ಆರಿಸಿ ಒಳಗೆ ಬಂದ.

ಗಿರಾಕಿಗಳು ಹೊರಳಿ ಹೋಗತೊಡಗಿದ್ದನ್ನು ನೋಡಿ ತುಷಾರ ಸಂಧಾನಕ್ಕೆ ಇಳಿದ. ಕಂಪನಿ ಕೊಡದಿದ್ದರೇನು, ತಾನೇ ಬದಲಿ ಕೊಡುತ್ತೇನೆ, ಇರುವುದರಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಿ ಎಂದ. ಮೂರನ್ನು ಸಾಲಾಗಿ ಹಚ್ಚಿಟ್ಟ. ಮೊದಲನೆಯದರಲ್ಲಿ ಒಂದೇ ಚುಕ್ಕಿ, ಆದರೆ ಅದು ಹಣೆಬೊಟ್ಟಿನಂತೆ ನಟ್ಟನಡುವೆ. ಎರಡನೆಯದರಲ್ಲಿ ಚುಕ್ಕಿಯೇ ಇಲ್ಲ, ಆದರೆ ಫ್ಲಾಪಿಯಲ್ಲಿ ಒಯ್ದಿದ್ದ ಮಂಜರಿಯ ಡಿಸೈನಿನ ಬಿಳಿ ಟಾವೆಲ್ಲು ಅರಿಶಿಣದ ನೀರಿನಲ್ಲಿ ಮಿಂದ ಮದುಮಗನ ಹಾಗೆ ಕಾಣುತ್ತಿತ್ತು. ಬಣ್ಣವೇ ಸುಳ್ಳಾದರೆ ಡಿಸೈನ್ ತೆಗೆದು ಏನು ಮಾಡುವುದು? ಮೂರನೆಯದು ಹಳೇ ಡಬ್ಬಾ ನಮೂನೆಯದು. ಚುಕ್ಕಿಯಿಲ್ಲ, ಬಣ್ಣವೂ ಸರಿ. ಆದರೆ ಅದನ್ನು ಹೊತ್ತುಕೊಂಡು ಓಣಿಯೊಳಗೆ ಹೋಗುವುದೆಂದರೆ ಸೋತು ಬಂದ ಪೈಲವಾನನ ಮೆರವಣಿಗೆ.

ಒಂದು ತಾಸು ಭಿಂಗ ಹಿಡಿದು ಒಂದರಿಂದ ಇನ್ನೊಂದಕ್ಕೆ ಓಡಾಡಿದೆ. ಕಣ್ಣು ನೀರಾಡಿದವು. ಆಗ ನನ್ನ ಬಾಯಿಂದ ಬರಬಾರದ ಮಾತು ಬಂತು.

‘ಬಸಣ್ಣ, ನೀ ಹೇಳಲೇ. ಯಾವುದು ಛಲೋ?’

ಇಪ್ಪತ್ತೆರಡು ವರ್ಷದಲ್ಲಿ ನಾನು ಅವನನ್ನು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅವನು ನಾಲ್ಕೂ ಪರದೆಗಳನ್ನು ದೂರ ನಿಂತು ನೋಡಿದ.

‘ನನ್ನ ಕೇಳಿದ್ರ ನಮ್ದ ಛಲೋ ಅದ ರೀ ಮಾಲಕ್ರ. ಆರೂ ಅಂಚಿಗೆ ಅವ. ಕೆಲಸಕ್ಕ ಅಡ್ಡ ಬರಂಗಿಲ್ಲ.’

ಹೇಳಿದ್ದು ಸರಿಯಾಗಿಯೇ ಇತ್ತು. ಅದೇ ನನಗೆ ಹೆಚ್ಚು ಸಿಟ್ಟು ತಂದದ್ದು. ಆದರೂ ನಮ್ಮದನ್ನೇ ತಿರುಗಿ ಒಯ್ಯಲು ಒಪ್ಪಿದೆ. ನಾನು ಮತ್ತೊಮ್ಮೆ ಬಂದು ಜಗಳ ತೆಗೆಯಬಾರದೆಂದು ತುಷಾರ ಒಂದು ಕಾಗದ ಬರೆದು ಸಹಿ ಮಾಡಿಸಿಕೊಂಡ: ಏಳು ಚುಕ್ಕಿಯವರೆಗೆ ದೋಷವಲ್ಲವೆಂದು ನನಗೆ ತಿಳಿದಿದೆ, ಮಾಲನ್ನು ನೋಡಿ ಮೆಚ್ಚಿ ಒಯ್ಯುತ್ತಿದ್ದೇನೆ. ಅವನಿಗೊಂದು ಪ್ರತಿ, ನನಗೊಂದು. ನನ್ನ ಪ್ರತಿಯನ್ನು ಡಬ್ಬಿಯಲ್ಲಿ ಹಾಕಿ ಬಸಣ್ಣನ ಕೈಗೆ ಕೊಟ್ಟೆ.

ಮರುದಿನ ಶೆಡ್ಡಿನಲ್ಲಿ ಬಸಣ್ಣನ ಮೊದಲನೇ ಟಾವೆಲ್ಲಿನಲ್ಲೇ ಹೊಕ್ಕು ತಪ್ಪಿತ್ತು. ಸೆಕೆಂಡ್ ಎಂದು ಗುಡ್ಡೆಗೆ ಎಸೆದೆ. ಬಸಣ್ಣ ಅದನ್ನು ಎತ್ತಿಕೊಂಡು ಬಂದು, ಧೂಳು ಝಾಡಿಸಿ, ಮತ್ತೆ ಟೇಬಲ್ಲಿನ ಮೇಲೆ ಹಾಸಿದ. ಅದರ ಮೇಲೆ ಅಂಗಡಿಯಲ್ಲಿ ನಾನು ಸಹಿ ಮಾಡಿದ ಕಾಗದವನ್ನಿಟ್ಟ.

‘ಒಂದ ತಪ್ಪ ಅದ ರೀ. ಏಳರ ತನಕ ಛಲೋ ಮಾಲಂತ ನೀವ ಸಹಿ ಮಾಡೀರಿ.’

ಒಂದೊಂದಾಗಿ ಮಗ್ಗಗಳು ನಿಂತವು. ಅವರಿಗೆಲ್ಲ ಮೊದಲೇ ಗೊತ್ತಿತ್ತು. ಹತ್ತೂ ಮಗ್ಗ ನಿಂತಾಗ ಶೆಡ್ಡು ಎಷ್ಟು ಶಾಂತವಾಗಿರುತ್ತದೆಂಬುದು ನನಗೆ ಅಂದೇ ತಿಳಿದದ್ದು. ನನ್ನ ಕೂಗಾಟ ಬಲು ಸ್ಪಷ್ಟವಾಗಿ ಕೇಳಿಸಿತು. ಕಂಪ್ಯೂಟರ್ ಬೇರೆ, ಟಾವೆಲ್ ಬೇರೆ ಎಂದೆ. ಹೆಂಗ ಬೇರೆ ಎಂದು ಬಸಣ್ಣ ಕೇಳಿದ. ಬೇಕಾದರೆ ನನ್ನ ಹೆಂಡತಿಯನ್ನೇ ಕೇಳು, ಆ ಮಾನಿಟರಿನಿಂದ ನಾವೆಷ್ಟು ಗೋಳು ಉಂಡಿದ್ದೇವೆಂದು ಅವಳೇ ಹೇಳುತ್ತಾಳೆ ಎಂದು ಮನೆಗೆ ಫೋನ್ ಮಾಡಿ ಅವಳನ್ನು ಕರೆಸಿದೆ. (ಬುದ್ಧಿ ಕೈಕೊಟ್ಟಾಗ ಹೆಂಡತಿಯನ್ನು ಸಾಕ್ಷಿಗೆ ಕರೆಯುವ ಗಂಡಸರು ಇದನ್ನು ಲಕ್ಷ್ಯವಿಟ್ಟು ಓದಬೇಕು.)

ರತ್ನಾಬಾಯಿ ಆಟೋದಲ್ಲಿ ಬಂದಳು. ಎರಡೂ ಕಡೆಯದನ್ನು ಕೇಳಿದಳು. ಕಾಗದ ಓದಿದಳು. ಟಾವೆಲನ್ನು ಬೆಳಕಿಗೆ ಹಿಡಿದಳು.

‘ನಮ್ಮ ಅಕ್ಕಲಕೋಟದಾಗ ತೊಗರಿ ಚೀಲದಾಗ ನಾಕ ಹುಳಕ ಕಾಳ ಬಂದ್ರ ಚೀಲ ಚೆಲ್ಲತಾರೇನ್ರಿ?’

‘ಇದು ತೊಗರಿ ಅಲ್ಲ.’

‘ಅದಕ್ಕ ಏಳ ಬ್ಯಾಡ. ಎರಡರ ತನಕ ಫಸ್ಟ್. ಮೂರಾದ್ರ ಸೆಕೆಂಡ್. ಏನಂತೀ ಬಸಣ್ಣ?’

ಬಸಣ್ಣ, ನಡೀತದ ರೀ ವೈನಿ ಎಂದ. ನಡೆಯುತ್ತದೋ ಇಲ್ಲವೋ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಹತ್ತೂ ಮಗ್ಗ ಒಮ್ಮೆಲೇ ಚಾಲೂ ಆದವು. ಆ ಸದ್ದಿನಲ್ಲಿ ನಾನು ಏನೋ ಹೇಳಿದೆ, ನನಗೇ ಕೇಳಿಸಲಿಲ್ಲ. ರತ್ನಾಬಾಯಿ ನನ್ನ ಕೈಯೊಳಗಿನ ಭಿಂಗವನ್ನು ತೆಗೆದುಕೊಂಡು, ಸೆರಗಿನಿಂದ ಒರೆಸಿ, ನನ್ನ ಸ್ಟೂಲಿನ ಮೇಲೆ ಕೂತು, ಸೆಕೆಂಡ್ ಗುಡ್ಡೆಯ ಮೇಲಿನ ಟಾವೆಲ್ಲನ್ನು ಎಳೆದುಕೊಂಡಳು.

ಹೋದ ವರ್ಷ ಬಿಟ್ಟುಹೋದ ನಾಲ್ವರಲ್ಲಿ ಮೂವರು ಎಂಟು ದಿನದಲ್ಲಿ ತಿರುಗಿ ಬಂದರು. ಚೆಕಿಂಗಿಗೆ ಅವಳೇ ಹೋಗುತ್ತಾಳೆ. ಮುಂಜಾನೆ ಊಟದ ಡಬ್ಬಿ ಕಟ್ಟಿಕೊಂಡು ಹೊರಟವಳನ್ನು ನಾನು ಬಾಗಿಲಲ್ಲಿ ತಡೆದು, ಹಾಗಾದರೆ ಮನೆಯಲ್ಲಿ ನನಗೇನು ಕೆಲಸ ಎಂದು ಕೇಳಿದೆ.

‘ಆ ಟೀವಿ ಮುಂದ ಕೂಡ್ರಿ. ಎಂಟಾದ್ರ ಫೋನ್ ಮಾಡ್ರಿ.’

ತಿಂಗಳು ಮುಗಿದುಹೋಗಿದೆಯಲ್ಲ, ಈಗ ಎಂಟಾದರೂ ಕಂಪನಿಯವರು ಕೊಡುವುದಿಲ್ಲ ಎಂದೆ.

‘ಕೊಡ್ಲಿಕ್ಕಿಲ್ಲ. ನಿಮಗ ಹೊತ್ತ ಹೋಗ್ತದಲ್ಲ?’ ಎಂದು ಆಟೋ ಹತ್ತಿದಳು.

ಇವತ್ತಿಗೂ ಆರೇ ಇವೆ.