ಸೋಪು ಬಿಟ್ಟರೂ ಗಸಗಸೆ ಬಿಡದವರು

ದಿನಸಿ ಅಂಗಡಿ ಇಟ್ಟವರು ನಗೋಕೆ ಅಂತ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ತಕ್ಕಡಿ ಹಿಂದೆ ಸುಮ್ಮನೆ ಕೂತಿದ್ದರೆ ಸಾಕು, ದಿನಕ್ಕೊಬ್ಬರಾದರೂ ಚೀಲ ಹಿಡ್ಕೊಂಡು ಬಂದು ನಗಿಸಿ ಹೋಗ್ತಾರೆ. ಆವಾಗ ಸಿಟ್ಟು ಬರುತ್ತೆ, ಅದು ಬೇರೆ ಮಾತು. ನನಗಂತೂ ಸಿಟ್ಟು ಮೂಗಿನ ತುದೀಲೇ ಇರೋದು.

ನಮ್ಮ ಅಂಗಡಿ ಇರೋದು ಸಕಲೇಶಪುರದಿಂದ ಹೊಂಗಡಹಳ್ಳಕ್ಕೆ ಹೋಗೋ ರಸ್ತೇಲಿ, ಬಸ್ಸು ನಿಲ್ಲೋ ತಿರುವಿನಲ್ಲಿ. ನಾನು ಹೇಳೋದು ಕಾಫಿ ರೇಟು ಪಾತಾಳಕ್ಕೆ ಬಿದ್ದ ಕಾಲದ್ದು, ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ. ನಮ್ಮ ಯಜಮಾನರು ಎಸ್ಟೇಟಿನಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ದರು. ಸಂಬಳ ಅರ್ಧಕ್ಕೆ ಇಳೀತು. ಅವರ ಅಣ್ಣ, ಅಂದ್ರೆ ನಮ್ಮ ಭಾವ, ಹಾಸನದಲ್ಲಿ ದೊಡ್ಡ ದಿನಸಿ ಅಂಗಡಿ ಇಟ್ಟವರು. "ಆ ಕಾಡಲ್ಲಿ ಏನ್ ಮಾಡ್ತೀರ? ಯುಗಾದಿ ಹೊತ್ತಿಗೆ ಅಂಗಡಿ ಮುಚ್ಚಿ ಬಂದ್ಬುಡಿ. ಇಲ್ಲಿ ಇಬ್ರಿಗೂ ಕೆಲಸ ಐತೆ" ಅಂತ ಹೇಳಿ ಕಳಿಸಿದರು.

ಹದಿಮೂರು ವರ್ಷ ನಾನೇ ತೂಗಿ, ನಾನೇ ಪೊಟ್ಟಣ ಕಟ್ಟಿ ಬೆಳೆಸಿದ ಅಂಗಡಿ ಅದು. ಹಾಸನಕ್ಕೆ ಹೋಗಿ ಇನ್ನೊಬ್ಬರ ಅಂಗಡೀಲಿ ಕಡಲೆಬೇಳೆ ಆರಿಸ್ಕೊಂಡು ಕೂರೋದಾ?

ಯಜಮಾನರು ಸಮಾಧಾನ ಹೇಳಿದರು. "ನೋಡೇ, ಉಪ್ಪು, ಬೆಂಕಿಪೊಟ್ಟಣ ಮಾರಿ ಅಂಗಡಿ ನಡೆಯಲ್ಲ. ನಮಗೆ ನಾಕು ಕಾಸು ಉಳಿಯೋದೇ ದುಬಾರಿ ಸಾಮಾನಿಂದ. ಗೋಡಂಬಿ, ಗಸಗಸೆ, ತುಪ್ಪ. ಈ ಕಾಫಿ ರೇಟಲ್ಲಿ ಅದನ್ನೆಲ್ಲ ಯಾರು ತಗೋತಾರೆ?"

"ತಗೋತಾರೆ," ಅಂದೆ ನಾನು.

"ಯಾರು?"

"ನಮ್ ಜನ ನಿಮಗೆ ಗೊತ್ತಿಲ್ಲ, ಸುಮ್ನಿರಿ."

ಮಾತೇನೋ ಆಡಿಬಿಟ್ಟೆ. ಒಳಗೊಳಗೇ ನನಗೂ ಪುಕುಪುಕು ಅಂತಿತ್ತು.

ಇಡೀ ಗೋಡಂಬಿ

ಮೊದಲು ಬಂದವರು ನಮ್ಮ ಕಡೆಯ ಒಬ್ಬ ದೊಡ್ಡ ಸಾಹುಕಾರರು. ಎಸ್ಟೇಟು, ಬಂಗಲೆ, ಜೀಪು ಎಲ್ಲಾ ಇದ್ದವರು. ಮುಂಚೆ ಪಟ್ಟಿ ಕೊಟ್ಟು ಆಳು ಕಳಿಸೋರು, ಆ ವರ್ಷ ತಾವೇ ಬಂದರು. ಹೆಂಡತಿ ಬರೆದುಕೊಟ್ಟ ಪಟ್ಟೀನ ನನ್ನ ಮುಂದೆ ಹಿಡ್ಕೊಂಡು ಒಂದೊಂದೇ ಹೊಡೆದು ಹಾಕಿದರು. ಸೋಪು ಆರು ಬೇಡ, ಎರಡು ಸಾಕು. ಟೂತ್‌ಪೇಸ್ಟು ಬೇಡ, ಉಪ್ಪು ಇದ್ದೇ ಐತೆ. ಸಕ್ಕರೆ ಬೇಡ, ಬೆಲ್ಲ ಹಾಕಿ.

"ಗೋಡಂಬಿ?" ಅಂದೆ ಮೆಲ್ಲಗೆ.

"ಅದು ಅರ್ಧ ಕೇಜಿ ಇರ್ಲಿ. ಸಂಜೆ ಹೊತ್ತು ಮನುಷ್ಯ ಏನು ತಿನ್ಬೇಕು ಮತ್ತೆ?" ಅಂದರು. ರೇಟು ಕೇಳಿ ಹೌಹಾರಿದರು. "ಅಷ್ಟಾ! ಕಮ್ಮಿದು ಇಲ್ವೇನಮ್ಮ?"

"ಐತೆ ಸಾಹುಕಾರ್ರೇ. ಇದು ಇಡೀದು. ತುಂಡು ಗೋಡಂಬಿ ಆದ್ರೆ ಕಮ್ಮಿ. ಆದ್ರೆ ತುಂಡು ಖಾಲಿ ಆಗೈತೆ, ಮುಂದಿನ ವಾರ ಬರುತ್ತೆ."

ಸಾಹುಕಾರರು ನಾನು ತೂಗಿ ಕಟ್ಟಿದ್ದ ಪೊಟ್ಟಣಾನ ಹಲಗೆ ಮೇಲೆ ಇಟ್ಟು, ತಕ್ಕಡಿ ಪಕ್ಕದಲ್ಲಿದ್ದ ತೂಕದ ಕಲ್ಲು ತಗೊಂಡು ಧಬಧಬ ನಾಕು ಏಟು ಹಾಕಿದರು.

"ಈಗ ತುಂಡಾಯ್ತಲ್ಲ, ತುಂಡಿನ ರೇಟು ಹಾಕು."

"ಅಯ್ಯೋ ಸಾಹುಕಾರ್ರೇ! ನೀವೇ ಒಡೆದ್ರಲ್ಲ!"

"ನನ್ ಕಾಫಿಬೀಜ ಒಡೆದೈತೆ ಅಂತ ಮೊನ್ನೆ ಕಾಫಿ ವ್ಯಾಪಾರದೋರು ರೇಟು ಇಳಿಸಿದ್ರಲ್ಲ, ಯಾರು ಒಡೆದ್ರು ಅಂತ ಒಬ್ರಾದ್ರೂ ಕೇಳಿದ್ರಾ?"

ತುಂಡಿನ ರೇಟೇ ಹಾಕಿದೆ. ಅವರು ಜೀಪು ಹತ್ತಿ, ಪೊಟ್ಟಣ ಬಿಚ್ಚಿ ನೋಡಿ, ಮತ್ತೆ ಇಳಿದು ಬಂದರು. "ಎರಡು ಇಡೀದು ಹಂಗೇ ಉಳ್ಕೊಂಡೈತೆ ಕಣಮ್ಮ. ಇಡೀದರ ರೇಟು ನಾನು ಕೊಟ್ಟಿಲ್ಲ, ನಿಂಗೆ ಮೋಸ ಆಗ್ಬಾರ್ದು" ಅಂತ ಆ ಎರಡನ್ನೂ ಕಲ್ಲಲ್ಲಿ ಜಜ್ಜಿ ತಗೊಂಡು ಹೋದರು.

ಡಬ್ಬಿಯಲ್ಲಿ ಬಂದ ಸಾರು

ನಮ್ಮ ಕಡೆ ಭಾನುವಾರ ಬಾಡು ಬೇಯದೆ ಇದ್ದರೆ ಅದು ಭಾನುವಾರ ಅಂತ ಯಾರಿಗೂ ಅನ್ನಿಸೋದೇ ಇಲ್ಲ. ಸಾರಿಗೆ ಗಸಗಸೆ ಅರೆದು ಹಾಕಲೇಬೇಕು. ಆ ವರ್ಷ ಗಸಗಸೆ ರೇಟು ಕೇಳಿದವರು ಒಂದು ಹೆಜ್ಜೆ ಹಿಂದಕ್ಕೆ ಹೋಗೋರು.

ಒಂದು ಭಾನುವಾರ ಮಧ್ಯಾಹ್ನ ಮೇಲಿನ ಮನೆ ಅಜ್ಜಿ ಸ್ಟೀಲ್ ಡಬ್ಬಿ ಹಿಡ್ಕೊಂಡು ದುಮುದುಮು ಅಂತ ಬಂದರು. ಹಿಂದೇನೇ ಅವರ ಸೊಸೆ, ಮುಖ ಬಿಳಿಚಿಕೊಂಡು. ಅಜ್ಜಿ ಡಬ್ಬಿ ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದರು.

"ಏನು ಗಸಗಸೆ ಕೊಟ್ಟಿದೀಯ ನೀನು? ತಿಂದು ನೋಡು! ಕಲಬೆರಕೆ ಮಾಲು ಮಾರ್ತೀಯ? ಅರವತ್ತು ವರ್ಷದಿಂದ ಬಾಡಿನ ಸಾರು ಉಣ್ತಿದೀನಿ, ನಂಗೆ ಗೊತ್ತಾಗಲ್ವ?"

ಬೆರಳಲ್ಲಿ ಅದ್ದಿ ನೆಕ್ಕಿದೆ. ಗಸಗಸೆ ಎಲ್ಲಿಂದ ಬಂತು? ಬರೀ ಹುರಿಗಡಲೆ! ಆ ಹುಡುಗಿ ಗುರುವಾರ ಗಸಗಸೆ ರೇಟು ಕೇಳಿ ಹೆದರಿ ನನ್ನ ಹತ್ತಿರ ತಗೊಂಡಿದ್ದೂ ಹುರಿಗಡಲೇನೇ. ಬಾಯಿ ತೆಗೆದೆ ನೋಡಿ, ಅಜ್ಜಿ ಬೆನ್ನ ಹಿಂದೆ ಸೊಸೆ ಎರಡೂ ಕೈ ಜೋಡಿಸಿ ನಿಂತಿದ್ದಳು. ಕಣ್ಣಲ್ಲಿ ನೀರು ಬೇರೆ.

ಏನು ಮಾಡೋದು? "ಹೌದು ಕಣಜ್ಜಿ, ಈ ಸಲದ ಮಾಲು ಸರಿ ಇಲ್ಲ, ತಪ್ಪಾಯ್ತು" ಅಂತ ಒಪ್ಪಿಕೊಂಡು, ಐವತ್ತು ಗ್ರಾಂ ಒಳ್ಳೇ ಗಸಗಸೆ ಸುಮ್ಮನೆ ಕಟ್ಟಿಕೊಟ್ಟೆ. ಬೈಗುಳ ತಿಂದು ಮಾಲೂ ಕೊಟ್ಟ ಅಂಗಡಿಯೋಳು ಆ ರಸ್ತೇಲೆಲ್ಲ ನಾನೊಬ್ಬಳೇ ಇರಬೇಕು.

ಆ ಸೊಸೆ ನೀರು ಹಿಡಿಯೋ ಕಡೆ ನಾಕು ಜನ ಸೊಸೇರಿಗೆ ಹೇಳಿಬಿಟ್ಟಿದ್ದಾಳೆ, "ಅಂಗಡಿ ಅಕ್ಕ ದೇವರಂಥೋರು" ಅಂತ. ಮುಂದಿನ ಭಾನುವಾರ ಮೂರು ಅಜ್ಜೀರು ಮೂರು ಡಬ್ಬಿ ಹಿಡ್ಕೊಂಡು ಬಂದರು! ಮೂರರಲ್ಲೂ ಹುರಿಗಡಲೆ. ಮೂರೂ ಸೊಸೇರು ಹಿಂದೆ ಕೈ ಜೋಡಿಸ್ಕೊಂಡು ಸಾಲಾಗಿ ನಿಂತವರೆ.

ಸಿಟ್ಟು ನೆತ್ತಿಗೇರಿ, "ಇನ್ಮೇಲೆ ಗಸಗಸೇನ ಅಜ್ಜೀರ ಕೈಗೇ ಕೊಡೋದು, ಸೊಸೇರಿಗೆ ಕೊಡಲ್ಲ" ಅಂತ ರೂಲ್ಸು ಮಾಡಿದೆ. ಮಾಡಿದ್ದು ಒಳ್ಳೇದೇ ಆಯ್ತು. ಅಜ್ಜೀರು ತಾವೇ ಬಂದು, ಒಬ್ಬರಿಗಿಂತ ಒಬ್ಬರು ಜಾಸ್ತಿ ತಗೊಂಡು ಹೋದರು. ಬೇಜಾರಾಗಿದ್ದು ನಮ್ಮ ಯಜಮಾನರಿಗೆ ಮಾತ್ರ. ಆ ಮೂರು ಡಬ್ಬಿ ಸಾರು ನಮ್ಮನೇಲೇ ಉಳಿದು ಅವರ ಹೊಟ್ಟೆ ಸೇರಿತ್ತಲ್ಲ, ಅದರ ಮುಂದಿನ ಭಾನುವಾರ ಹನ್ನೆರಡು ಗಂಟೆಗೇ ತಟ್ಟೆ ಹಾಕ್ಕೊಂಡು ಕೂತು, "ಇವತ್ತು ಯಾರ ಮನೆ ಸಾರು ಬರುತ್ತೆ?" ಅಂದರು.

ಕಾಫಿಗೆ ಬುದ್ಧಿ ಕಲಿಸಿದವನು

ಮೂರೆಕರೆ ತೋಟದ ಒಬ್ಬ ಇದ್ದ. ರೇಟು ಕೇಳಿ ಕೇಳಿ ತಲೆ ಕೆಟ್ಟು, ಒಂದು ದಿನ ಬಂದು ಟೀ ಪುಡಿ ತಗೊಂಡ. "ಈ ದರಿದ್ರ ಕಾಫಿಗೆ ಬುದ್ಧಿ ಕಲಿಸ್ತೀನಿ ಕಣಕ್ಕ. ಇನ್ಮೇಲೆ ನಮ್ಮನೇಲಿ ಅದರ ವಾಸನೇನೂ ಬರಂಗಿಲ್ಲ. ಮನೇಲಿದ್ದ ಪುಡಿನೆಲ್ಲ ತಿಪ್ಪೆಗೆ ಸುರಿದ್ಬುಟ್ಟು ಬಂದೆ."

"ಕಾಫಿಗೆ ಹೆಂಗೆ ಗೊತ್ತಾಗುತ್ತೋ ಮಾರಾಯ, ನೀನು ಬಿಟ್ಟಿದ್ದು?" ಅಂದೆ. ಟೀ ಪುಡಿ ಚೀಲಕ್ಕೆ ಹಾಕ್ಕೊಂಡು ಹೋದ.

ನಾನು ಹನ್ನೊಂದು ಗಂಟೆಗೆ ಒಳಗೆ ಒಲೆ ಮೇಲೆ ಕಾಫಿ ಇಡೋಳು. ಮಾರನೇ ದಿನ ಸರಿಯಾಗಿ ಹನ್ನೊಂದಕ್ಕೆ ಬಂದ. "ಅಕ್ಕ, ಉಪ್ಪು ಎಷ್ಟು?" ಹೇಳಿದೆ. ಹೋಗಲಿಲ್ಲ. ಅಂಗಡಿಗೆ ಬಂದವರಿಗೆ ಕಾಫಿ ಕೊಡದೆ ಕಳಿಸೋದು ನಮ್ಮ ಕಡೆ ಇಲ್ಲ, ಒಂದು ಲೋಟ ಕೊಟ್ಟೆ. ಕುಡಿದು ಹೋದ. ಅದರ ಮಾರನೇ ದಿನವೂ ಬಂದು ಉಪ್ಪು ಎಷ್ಟು ಅಂದ. ಸಂಜೆ ನಾಲ್ಕಕ್ಕೆ ಅವನ ಹೆಂಡತಿ ಬಂದಳು. ಅವಳದ್ದು ತೊಗರಿಬೇಳೆ ಎಷ್ಟು ಅಂತ. ಅವಳಿಗೂ ಒಂದು ಲೋಟ. ಹೀಗೆ ಎಂಟು ದಿನ. ಉಪ್ಪಿನ ರೇಟು ಅವನಿಗೆ ಬಾಯಿಪಾಠ ಆಗಿತ್ತು, ಒಂದು ಕಲ್ಲು ಉಪ್ಪೂ ತಗೊಂಡಿರಲಿಲ್ಲ.

ಒಂಬತ್ತನೇ ದಿನ ನನಗೆ ತಡೆಯೋಕಾಗಲಿಲ್ಲ. "ಅಲ್ಲ ಕಣೋ, ಕಾಫಿ ಬಿಟ್ಟೆ ಅಂತ ಊರಿಗೆಲ್ಲ ಡಂಗುರ ಹೊಡೆದೆ, ಇದೇನು ನೀನು ಕುಡೀತಿರೋದು?"

"ನಾನು ಬಿಟ್ಟಿರೋದು ನಮ್ ತೋಟದ ಕಾಫಿ ಕಣಕ್ಕ. ಇದು ನಿಮ್ಮನೇದು."

"ನಿನ್ ತೋಟದ್ದೇ ಕಣೋ! ಹೋದ್ವರ್ಷ ನಿನ್ ಹೆಂಡ್ತಿ ತಂದುಕೊಟ್ಟ ಬೀಜ, ನಾನೇ ಹುರಿದು ಪುಡಿ ಮಾಡ್ಸಿದ್ದು."

ಲೋಟ ಅರ್ಧಕ್ಕೆ ನಿಂತಿತು. ನಾನು, ಇವನು ಉಗುಳಿಬಿಡ್ತಾನೇನೋ ಅಂತ ನೋಡ್ತಿದ್ದೆ. ಅವನು ತಳದ ತನಕ ಕುಡಿದು, ಲೋಟ ಮುಂದಕ್ಕೆ ಚಾಚಿ, "ಅದಕ್ಕೇ ಇಷ್ಟು ಚೆನ್ನಾಗೈತೆ! ಇನ್ನೊಂದರ್ಧ ಲೋಟ ಹಾಕಕ್ಕ" ಅಂದ.

ಟೆಂಪೋ ಬಂದ ದಿನ

ಇಷ್ಟೆಲ್ಲ ಆದರೂ ಯಜಮಾನರ ಮನಸ್ಸು ಕರಗಲಿಲ್ಲ. "ಒಬ್ಬಿಬ್ರು ತಗೊಂಡ್ರೆ ಅಂಗಡಿ ನಡೆಯಲ್ಲ ಕಣೇ, ಅಣ್ಣಂಗೆ ಮಾತು ಕೊಟ್ಟಾಗೈತೆ" ಅಂದುಬಿಟ್ಟರು. ಯುಗಾದಿಗೆ ಒಂದು ವಾರ ಇದೆ ಅನ್ನುವಾಗ ಬೆಳಗ್ಗೆ ಹಾಸನದಿಂದ ಟೆಂಪೋ ಬಂತು. ಡ್ರೈವರ್ ಪಕ್ಕದಲ್ಲಿ ಭಾವ. ಸಾಮಾನೆಲ್ಲ ತುಂಬಿಕೊಂಡು ಸಂಜೆಗೆ ಹೊರಡೋದು ಅಂತ. ಒಂದೊಂದು ಡಬ್ಬ ಇಳಿಸುವಾಗಲೂ ನನಗೆ ಅಳು ಒತ್ತರಿಸಿಕೊಂಡು ಬರ್ತಿತ್ತು. ಭಾವನ ಮುಂದೆ ಅಳೋದು ಬೇಡ ಅಂತ ಸೆರಗು ಕಚ್ಚಿ ಹಿಡಿದಿದ್ದೆ.

ಭಾವ ಬೆಂಚಿನ ಮೇಲೆ ಕೂತು ಬಂದವರಿಗೆಲ್ಲ ಉಪದೇಶ. "ನಾಲಿಗೆ ಕಟ್ಬೇಕು ಕಣ್ರೀ. ರಾಗಿಮುದ್ದೆ, ಸೊಪ್ಪಿನ ಸಾರು, ಅದಕ್ಕಿಂತ ಇನ್ನೇನು ಬೇಕು? ನಮ್ಮನೇಲಿ ತುಪ್ಪ ನಿಲ್ಲಿಸಿ ಎರಡು ವರ್ಷ ಆಯ್ತು. ಸತ್ವಾ ನಾವು?"

ಅಷ್ಟರಲ್ಲಿ ಒಂಬತ್ತೂವರೆ ಬಸ್ಸು ಬಂತು. ಟೆಂಪೋ ನೋಡಿ ಕಂಡಕ್ಟರು ಇಳಿದು ಬಂದ. "ಏನಕ್ಕ, ಮುಚ್ತಿದೀರಾ? ಹಂಗಾದ್ರೆ ಕಾಲು ಕೇಜಿ ಒಣದ್ರಾಕ್ಷಿ ಕೊಟ್ಬುಡಿ. ಇನ್ಮೇಲೆ ಎಲ್ಲಿ ಹುಡುಕ್ಲಿ?" ಅವನ ಹಿಂದೆ ಬಸ್ಸಿನಲ್ಲಿದ್ದೋರು ಇಳಿದರು. ಬಸ್ಸು ಹೊಂಗಡಹಳ್ಳದ ತನಕ ಸುದ್ದಿ ಹೊತ್ತುಕೊಂಡು ಹೋಯ್ತು. ಹನ್ನೊಂದು ಗಂಟೆಗೆ ಜನವೋ ಜನ. ಎಲ್ಲರದ್ದೂ ಒಂದೇ ಮಾತು, "ಕೊನೇ ಸಲ ಅಕ್ಕ." ಒಬ್ಬಳಿಗೆ ಏಲಕ್ಕಿ ಬಿಸ್ಕತ್ತು, ಒಬ್ಬಳಿಗೆ ಬಾಸುಮತಿ ಅಕ್ಕಿ, ಒಬ್ಬನಿಗೆ ಒಣಸೀಗಡಿ. ಸೋಪು ಒಬ್ಬರೂ ಕೇಳಲಿಲ್ಲ!

ಯಜಮಾನರು ಮುಂಬಾಗಿಲಿಂದ ಡಬ್ಬ ಹೊತ್ತು ಟೆಂಪೋಗೆ ಇಡೋರು. ನಾನು ಟೆಂಪೋ ಹಿಂದೆ ತಕ್ಕಡಿ ಇಟ್ಕೊಂಡು ಅದೇ ಡಬ್ಬದಿಂದ ತೂಗೋಳು. ಅವರು ತಲೆ ತಗ್ಗಿಸ್ಕೊಂಡು ಹೊರ್ತಾನೇ ಇದ್ದರು. ನಾಲ್ಕು ಗಂಟೆಗೆ ಬೆವರು ಒರೆಸ್ಕೊಂಡು, ಮೇಲೆ ಟಾರ್ಪಾಲು ಎಳೆದು, ಹಗ್ಗ ಬಿಗಿಯೋಕೆ ಶುರು ಮಾಡಿದರು.

ಡ್ರೈವರ್ ಬಂದು ನೋಡಿದ. "ಅಣ್ಣ, ಏನು ಕಟ್ತಿದೀರಿ?"

"ಲೋಡು."

"ಯಾವ ಲೋಡು? ಒಳಗೆ ಖಾಲಿ ಡಬ್ಬ, ಇಪ್ಪತ್ತು ಸೋಪು ಐತೆ ಅಷ್ಟೆ."

ಯಜಮಾನರು ಟಾರ್ಪಾಲು ಎತ್ತಿ ನೋಡಿ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. "ಇನ್ನು ಅಣ್ಣಂಗೆ ಏನು ಹೇಳ್ಲಿ?" ಅಂದರು. ನಾನು ತಕ್ಕಡಿ ಕೆಳಗಿಟ್ಟೆ. ಭಾವ ಬೈದರೆ ಬೈಯಲಿ, ಇವತ್ತು ಕೈ ಕಾಲು ಹಿಡಿದಾದರೂ ಅಂಗಡಿ ಉಳಿಸಿಕೊಳ್ಳೋದೇ ಅಂತ ಗಟ್ಟಿ ಮನಸ್ಸು ಮಾಡಿ ಹುಡುಕಿದರೆ, ಬೆಂಚಿನ ಮೇಲೆ ಭಾವನೇ ಇಲ್ಲ.

ಒಳಗೆ ಅಡುಗೆಮನೇಲಿದ್ದರು. ಕುಂದೂರು ಕಡೆಯಿಂದ ಬರೋ ಎಮ್ಮೆ ಬೆಣ್ಣೇನ ಬೆಳಗ್ಗೆ ಕಾಯಿಸಿ ಇಟ್ಟಿದ್ದೆ. ಭಾವ ಗೋಡೆ ಕಡೆ ಮುಖ ಮಾಡಿ ನಿಂತು, ಅನ್ನದ ಮೇಲೆ ತುಪ್ಪ ಸುರ್ಕೊಂಡು ತಿಂತಾ ಇದ್ದಾರೆ! ಮೊಣಕೈ ತನಕ ತುಪ್ಪ ಇಳೀತಾ ಐತೆ. ನನ್ನ ನೋಡಿದವರೇ ತುತ್ತು ನುಂಗೋಕೂ ಆಗದೆ ಉಗುಳೋಕೂ ಆಗದೆ ಕಣ್ಣು ಬಿಟ್ಟರು.

"ಭಾವ! ಎರಡು ವರ್ಷ ಆಯ್ತು ಅಂದ್ರಿ?"

"ಮೆಲ್ಲಗೆ ಮಾತಾಡಮ್ಮ," ಅಂದರು. "ನಿಲ್ಸಿದ್ದು ನಾನಲ್ಲ, ನಮ್ಮನೆಯವಳು, ನಿಮ್ಮಕ್ಕ. ನಮ್ ಅಂಗಡಿ ಬೀಗದ ಕೈ ಅವಳ ಸೊಂಟದಲ್ಲೈತೆ. ಹಾಸನದಲ್ಲಿ ಯಾವ ಅಂಗಡಿಗೆ ಹೋದ್ರೂ ಎಲ್ರಿಗೂ ನನ್ನ ಗುರ್ತು, ಅವಳಿಗೆ ಸುದ್ದಿ ಮುಟ್ಟಿಸ್ತಾರೆ. ಎರಡು ವರ್ಷದಿಂದ ಒಣ ಅನ್ನ ತಿಂತಿದೀನಿ ಕಣಮ್ಮ ನಾನು!"

ನಿಜವಾಗಲೂ ಕಣ್ಣಲ್ಲಿ ನೀರು ಬಂದಿತ್ತು. ನಾನು ಇನ್ನೊಂದು ಸೌಟು ತುಪ್ಪ ಹಾಕಿದೆ.

ಕೈ ತೊಳೆದು ಹೊರಗೆ ಬಂದವರೇ ಭಾವ ಗಂಟಲು ಸರಿ ಮಾಡ್ಕೊಂಡರು. "ನೋಡಪ್ಪ ತಮ್ಮ, ಇಷ್ಟು ವ್ಯಾಪಾರ ಇರೋ ಅಂಗಡೀನ ಮುಚ್ತಾರಾ ಯಾರಾದ್ರೂ? ಬುದ್ಧಿ ಐತಾ ನಿಂಗೆ? ಟೆಂಪೋ ಖಾಲಿ ಯಾಕೆ ಹೋಗ್ಬೇಕು, ನೀನೂ ಹತ್ತು. ನಮ್ ಅಂಗಡೀಲಿ ಮಾಲು ತುಂಬ್ಕೊಂಡು ನಾಳೆ ವಾಪಸ್ ಬಾ." ಯಜಮಾನರು ಬಾಯಿ ತೆರೆದವರು ಮುಚ್ಚಲಿಲ್ಲ, ಹಂಗೇ ಟೆಂಪೋ ಹತ್ತಿದರು. ನಾನು ಆವತ್ತು ಅತ್ತೆ ನೋಡಿ, ಖುಷಿಗೆ.

ಅಂಗಡಿ ಉಳೀತು. ಕಾಫಿ ರೇಟೂ ಆಮೇಲೆ ಮೆಲ್ಲಗೆ ಎದ್ದಿತು. ಭಾವ ಮಾತ್ರ ಅವತ್ತಿಂದ ತಿಂಗಳಿಗೆ ಎರಡು ಸಲ ತಪ್ಪದೆ ಬರ್ತಾರೆ. ಮೊನ್ನೆ ನಮ್ಮಕ್ಕ, ಭಾವನ ಹೆಂಡತಿ, ಯಾವುದೋ ಮದುವೇಲಿ ಸಿಕ್ಕಿ, ಹತ್ತು ಜನದ ಮುಂದೆ ನನ್ನ ಕೈ ಹಿಡ್ಕೊಂಡು ಹೇಳಿದರು.

"ನಿನ್ ಭಾವಂಗೆ ತಮ್ಮನ ಮೇಲೆ ಎಂಥ ಪ್ರೀತಿ ಅಂತೀಯ! ಹದಿನೈದು ದಿನ ನೋಡ್ದೆ ಇದ್ರೆ ಅನ್ನಾನೇ ಇಳಿಯಲ್ಲ ಕಣೆ ಅವರಿಗೆ."